ಕೈ ಹಿಡಿದು ತಿದ್ದಿಸುವ ರೋಬೋಟ್

ಬೆಳಗಾವಿ ಉದ್ಯಮಬಾಗದಲ್ಲಿ ಲೇತ್ ಓಡಿಸಿ ಬಂದವರನ್ನು ಕೇಳಿ: ತಿರುಗುವ ಯಂತ್ರಕ್ಕೆ ಮನುಷ್ಯ ಕಾಣುವುದಿಲ್ಲ. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಮೊದಲ ಕೈಗಾರಿಕಾ ರೋಬೋಟ್ ಯೂನಿಮೇಟ್‌ಗೂ ಕಾಣುತ್ತಿರಲಿಲ್ಲ. ದೊಡ್ಡ ರೋಬೋಟ್ ಸುತ್ತ ಇಂದಿಗೂ ಜಾಲರಿ ಬೇಲಿ ಇರುವುದು ಅದಕ್ಕೇ.

ಬೇಲಿಯೊಳಗೆ ಹೋಗಿ ರೋಬೋಟ್‌ಗೆ ಕೆಲಸ ಕಲಿಸುವವರ ಕೈಯಲ್ಲಿ ಟೀಚ್ ಪೆಂಡೆಂಟ್ ಎಂಬ ನಿಯಂತ್ರಣ ಫಲಕ ಇರುತ್ತದೆ. ಅದರ ಸುರಕ್ಷಾ ಗುಂಡಿಯನ್ನು ಅರ್ಧ ಒತ್ತಿ ಹಿಡಿದರಷ್ಟೇ ತೋಳು ಅಲುಗುತ್ತದೆ. ಬಿಟ್ಟರೂ ನಿಲ್ಲುತ್ತದೆ, ಗಾಬರಿಯಾಗಿ ಗಟ್ಟಿ ಅದುಮಿದರೂ ನಿಲ್ಲುತ್ತದೆ. ಆಗ ವೇಗ ಸೆಕೆಂಡಿಗೆ 250 ಮಿ.ಮೀ. ದಾಟುವಂತಿಲ್ಲ. ಪ್ರೋಗ್ರಾಮ್ ಬರೆಯುವ ಭಾಷೆಯೋ ಕಂಪನಿಗೊಂದು: ಎಬಿಬಿಗೆ ರ್‍ಯಾಪಿಡ್, ಕುಕಾಗೆ ಕೆಆರ್‌ಎಲ್.

2008ರಲ್ಲಿ ಡೆನ್ಮಾರ್ಕಿನ ಯೂನಿವರ್ಸಲ್ ರೋಬೋಟ್ಸ್ ಮಾರಾಟಕ್ಕೆ ತಂದ ಯುಆರ್5 ಎಂಬ ರೋಬೋಟ್ ತೋಳು ಎತ್ತುವುದು ಬರೀ 5 ಕೆ.ಜಿ. ಆದರೆ ಗುಂಡಿ ಒತ್ತಿದರೆ ಇಡೀ ತೋಳು ಸಡಿಲಾಗುತ್ತದೆ. ಪಾಟಿಯ ಮೇಲೆ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿದಂತೆ ಅದನ್ನು ಎಳೆದು, ತಿರುಗಿಸಿ ದಾರಿ ತೋರಿಸಬಹುದು. ಮೈಗೆ ತಾಗಿದರೆ ತಾನಾಗಿ ನಿಲ್ಲುತ್ತದೆ. ಪ್ರೋಗ್ರಾಮಿಂಗೇ ಬೇಡ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ: ಹಿಡಿದ ಬಿಡಿಭಾಗ ಜಾರಿ ಬಿದ್ದರೆ ಮುಂದೇನು ಎಂಬುದನ್ನು ಯಾರಾದರೂ ಬರೆದಿಡಲೇಬೇಕು. ತುದಿಯಲ್ಲಿ ಚೂಪಾದ ಉಪಕರಣ ಕಟ್ಟಿದರೆ ಇದಕ್ಕೂ ಬೇಲಿ ಬೇಕಾಗುತ್ತದೆ.