1881ರ ಹಸ್ತಾಂತರ ಪತ್ರ ಮತ್ತು ಪರಕೀಯರ ನ್ಯಾಯಾಧಿಕಾರ

1830-31ರ ನಗರದ ದಂಗೆಯನ್ನು ನೆಪಮಾಡಿಕೊಂಡು ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡುದೂ, ಶಿವಮೊಗ್ಗೆಯು ಅವರ ನಗರ ವಿಭಾಗದ ಕೇಂದ್ರವಾದುದೂ ಸುವಿದಿತ. 1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಮರಳಿದುದು ಭೂಮಿ, ಅದರ ಮೇಲಿನ ಸಕಲ ಜನರ ಮೇಲಣ ಅಧಿಕಾರವಲ್ಲ. ಐರೋಪ್ಯ ಬ್ರಿಟಿಷ್ ಪ್ರಜೆಗಳ ವಿಚಾರಣಾಧಿಕಾರವನ್ನು ಹಸ್ತಾಂತರ ಪತ್ರವು ಗವರ್ನರ್ ಜನರಲರಲ್ಲಿಯೇ ಉಳಿಸಿತು. ಅವರು ವಹಿಸಿಕೊಟ್ಟಷ್ಟೇ ಮಹಾರಾಜರಿಗೆ ದೊರೆಯುತ್ತಿತ್ತು. ಶಿವಮೊಗ್ಗೆಯ ಕೋಟೆಯ ಬೀದಿಯಲ್ಲಿ ಒಬ್ಬ ರೈತನೂ ಒಬ್ಬ ಆಂಗ್ಲನೂ ಒಂದೇ ಅಪರಾಧವನ್ನೆಸಗಿದರೆನ್ನೋಣ: ರೈತನನ್ನು ವಿಚಾರಿಸಲು ಸಂಸ್ಥಾನದ ನ್ಯಾಯಾಲಯಕ್ಕೆ ಯಾರ ಅಪ್ಪಣೆಯೂ ಬೇಡ; ಆಂಗ್ಲನನ್ನು ವಿಚಾರಿಸಲು ಬೇಕು.

ಚೀನಾ, ಜಪಾನುಗಳಲ್ಲಿ ಇಂತಹ ವಿನಾಯಿತಿಗೆ ಪಾಶ್ಚಾತ್ಯರು ಕೊಟ್ಟ ಕಾರಣ, ಅಲ್ಲಿಯ ಕಾನೂನು ತಮಗೆ ಒಗ್ಗದೆಂಬುದು. ಜಪಾನು ತನ್ನ ಸಂಹಿತೆಗಳನ್ನು ಪಾಶ್ಚಾತ್ಯ ಮಾದರಿಗೆ ತಂದು 1899ರಲ್ಲಿ ಇದರಿಂದ ಬಿಡುಗಡೆ ಹೊಂದಿತು. ಮೈಸೂರಿನಲ್ಲಿಯೋ ಬ್ರಿಟಿಷರೇ ತಂದ ದಂಡಸಂಹಿತೆಯು ನಡೆಯುತ್ತಿತ್ತು. ಜಾರಿಯಲ್ಲಿದ್ದ ಕಾನೂನುಗಳನ್ನು ಅವರ ಒಪ್ಪಿಗೆಯಿಲ್ಲದೆ ಬದಲಿಸಕೂಡದೆಂದು ಅದೇ ಪತ್ರವು ವಿಧಿಸಿತ್ತು. ಆದುದರಿಂದ ಇಲ್ಲಿ ಅವಿಶ್ವಾಸವಿದ್ದುದು ಕಾನೂನಿನಲ್ಲಲ್ಲ, ನ್ಯಾಯಪೀಠದಲ್ಲಿ ಕುಳಿತವನಲ್ಲಿ ಎಂದೇ ನಾವು ತಿಳಿಯುತ್ತೇವೆ.

1913ರ ಒಪ್ಪಂದವು ಹಸ್ತಾಂತರ ಪತ್ರದ ಸ್ಥಾನಕ್ಕೆ ಬಂದಿತಾದರೂ ಈ ಭೇದವನ್ನು ಅಳಿಸಲಿಲ್ಲ. ರೆಸಿಡೆಂಟರ ಅಧೀನದಲ್ಲಿದ್ದ ಬೆಂಗಳೂರಿನ ದಂಡುಪ್ರದೇಶವು ಸಂಸ್ಥಾನಕ್ಕೆ ಹಿಂದಿರುಗಿದುದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನಗಳಿರುವಾಗ.