ಕೆಪ್ಲರ್ ಮೇಷ್ಟ್ರು ಮತ್ತು ಎಂಟು ಕಲೆಗಳ ಅಂತರ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ ಶಾಲೆಯ ಒಂಬತ್ತನೆಯ ತರಗತಿಯ ಒಂದು ವಿಜ್ಞಾನ ಪಾಠ. ಅಂದು ನಾನು ಎದ್ದು ನಿಂತು, “ಸಾರ್, ಗ್ರಹಗಳನ್ನು ದೇವರು ನಡೆಸುತ್ತಾನೆ ಅಂತ ನಮ್ಮಜ್ಜ ಹೇಳ್ತಾರೆ. ನೀವು ಗುರುತ್ವಾಕರ್ಷಣೆ ಅಂತೀರಿ. ಯಾವುದು ಸರಿ?” ಎಂದು ಕೇಳಿದ್ದೆ. ಮೇಷ್ಟ್ರು ನಕ್ಕು, “ಪರೀಕ್ಷೆಯಲ್ಲಿ ಗುರುತ್ವಾಕರ್ಷಣೆ ಅಂತ ಬರಿ. ಉಳಿದದ್ದನ್ನು ದೊಡ್ಡವನಾದ ಮೇಲೆ ನೀನೇ ಹುಡುಕು” ಎಂದರು.

ಮುಂದೆ ನಾನೂ ವಿಜ್ಞಾನದ ಮೇಷ್ಟ್ರಾದೆ. ವಿಜ್ಞಾನ, ತತ್ತ್ವಶಾಸ್ತ್ರ, ಅಧ್ಯಾತ್ಮ ಮೂರೂ ಹೇಳುವುದು ಒಂದನ್ನೇ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಹಾಗೆ ಹೇಳಿದರೆ ಊರವರಿಗೂ ಸಂತೋಷ, ನನಗೂ ನೆಮ್ಮದಿ. ಒಮ್ಮೆ ಒಬ್ಬ ವಿದ್ಯಾರ್ಥಿನಿ, “ಅದು ನಿಮಗೆ ಹೇಗೆ ಗೊತ್ತಾಯ್ತು ಸಾರ್?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತಾ ಹೋದಾಗ ಸಿಕ್ಕವನು, ಪಠ್ಯಪುಸ್ತಕದಲ್ಲಿ ಮೂರು ನಿಯಮಗಳಾಗಿ ಮಾತ್ರ ಉಳಿದಿರುವ ಯೋಹಾನೆಸ್ ಕೆಪ್ಲರ್.

ಕೆಪ್ಲರ್ 1571ರಲ್ಲಿ ಜರ್ಮನಿಯಲ್ಲಿ ಹುಟ್ಟಿದ. ಪಾದ್ರಿಯಾಗುವ ಆಸೆಯಿಂದ ಟ್ಯೂಬಿಂಗನ್ ವಿಶ್ವವಿದ್ಯಾಲಯ ಸೇರಿದ. ಆದರೆ 1594ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ಪಟ್ಟಣದ ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋಗಬೇಕಾಯಿತು. ದೇವರು ರೇಖಾಗಣಿತದ ನಕ್ಷೆಯಂತೆಯೇ ಜಗತ್ತನ್ನು ಕಟ್ಟಿದ್ದಾನೆ ಎಂಬುದು ಅವನ ದೃಢ ನಂಬಿಕೆ. 1595ರ ಜುಲೈನಲ್ಲಿ ಪಾಠ ಮಾಡುತ್ತಾ ವೃತ್ತದೊಳಗೆ ತ್ರಿಕೋನಗಳನ್ನು ಬರೆಯುತ್ತಿದ್ದಾಗ ಅವನಿಗೊಂದು ಯೋಚನೆ ಹೊಳೆಯಿತು. ಆಗ ತಿಳಿದಿದ್ದ ಗ್ರಹಗಳು ಭೂಮಿಯೂ ಸೇರಿ ಆರು. ಅವುಗಳ ನಡುವಿನ ಅಂತರಗಳು ಐದು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊನ ಹೆಸರಿನ ಘನಾಕೃತಿಗಳೂ ಐದೇ! ಒಂದೊಂದು ಅಂತರದಲ್ಲಿ ಒಂದೊಂದು ಆಕೃತಿಯನ್ನು ಕೂಡಿಸಿ, 1596ರಲ್ಲಿ ಪುಸ್ತಕವನ್ನೇ ಬರೆದ. ಖಗೋಳಶಾಸ್ತ್ರ, ತತ್ತ್ವಶಾಸ್ತ್ರ, ದೈವಭಕ್ತಿ ಮೂರೂ ಒಂದೇ ಚಿತ್ರದಲ್ಲಿ ಸೇರಿದವು.

ಅಲ್ಲಿಗೇ ನಿಂತಿದ್ದರೆ ಅವನೂ ನನ್ನಂಥ ಮೇಷ್ಟ್ರೇ ಆಗುತ್ತಿದ್ದ. ಅವನು ತಾಳೆ ನೋಡಲು ಹೊರಟ. 1600ರಲ್ಲಿ ಪ್ರಾಗ್ ನಗರಕ್ಕೆ, ಟೈಕೊ ಬ್ರಾಹೆಯ ಬಳಿಗೆ ಹೋದ. ದೂರದರ್ಶಕ ಇನ್ನೂ ಇಲ್ಲದ ಕಾಲದಲ್ಲಿ, ಬರಿಗಣ್ಣಿನಿಂದಲೇ ಗ್ರಹಗಳ ಸ್ಥಾನವನ್ನು ಹಲವು ವರ್ಷ ಅಳೆದು ಬರೆದಿಟ್ಟವನು ಟೈಕೊ. ಮರುವರ್ಷ ಅವನು ತೀರಿಕೊಂಡ. ಆ ಲೆಕ್ಕಗಳನ್ನಿಟ್ಟುಕೊಂಡು ಕೆಪ್ಲರ್ ಮಂಗಳ ಗ್ರಹದ ಹಿಂದೆ ಬಿದ್ದ. ಗ್ರಹದ ದಾರಿ ವೃತ್ತ ಎಂದು ಹಿಡಿದು ಮಾಡಿದ ಲೆಕ್ಕ ಬಹುಮಟ್ಟಿಗೆ ಹೊಂದಿತು. ಉಳಿದದ್ದು ಎಂಟು ಕಲೆಗಳ ವ್ಯತ್ಯಾಸ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವೇ ಒಂದು ಕಲೆ. ಆಕಾಶದಲ್ಲಿ ಎಂಟು ಕಲೆ ಎಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ.

ಬೇರೆ ಯಾರಾದರೂ ಅಳತೆಯೇ ತಪ್ಪಿರಬೇಕು ಎಂದು ಮುಂದೆ ಹೋಗುತ್ತಿದ್ದರು. ವೃತ್ತವೇ ಪರಿಪೂರ್ಣ, ಆಕಾಶದಲ್ಲಿ ಬೇರೆ ಆಕಾರ ಸಲ್ಲದು ಎಂದು ಸುಮಾರು ಎರಡು ಸಾವಿರ ವರ್ಷ ಎಲ್ಲರೂ ನಂಬಿದ್ದರು, ಕೆಪ್ಲರನೂ ನಂಬಿದ್ದ. ಆದರೂ, ದೇವರು ಟೈಕೊನಂಥ ಶ್ರದ್ಧೆಯ ವೀಕ್ಷಕನನ್ನು ಕೊಟ್ಟಿರುವಾಗ ಆ ಎಂಟು ಕಲೆಗಳನ್ನು ಕಡೆಗಣಿಸಬಾರದು ಎಂದು ಅವನು ಬಗೆದ. ವೃತ್ತವನ್ನು ಕೈಬಿಟ್ಟ. ಗ್ರಹದ ದಾರಿ ದೀರ್ಘವೃತ್ತ, ಅದರ ಒಂದು ನಾಭಿಯಲ್ಲಿ ಸೂರ್ಯ ಎಂದು 1609ರಲ್ಲಿ ಪ್ರಕಟಿಸಿದ. ಅವನ ಭಕ್ತಿಯೇ ಅವನನ್ನು ಲೆಕ್ಕಕ್ಕೆ ನಿಷ್ಠನನ್ನಾಗಿ ಮಾಡಿತ್ತು.

ಮುಂದಿನ ದಿನಗಳು ಕಷ್ಟದವು. ಹೆಂಡತಿ ಸತ್ತಳು, ಮಕ್ಕಳು ಸತ್ತರು. ಹೆತ್ತ ತಾಯಿಯ ಮೇಲೆ ಮಾಟಗಾತಿ ಎಂಬ ಆರೋಪ ಬಂದು, ಅವಳು ಒಂದು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದಳು; ಮಗನೇ ವಾದ ಹೂಡಿ 1621ರಲ್ಲಿ ಬಿಡಿಸಿಕೊಂಡ. ಆ ನಡುವೆಯೂ ಅವನು ಜಗತ್ತಿನ ಸಾಮರಸ್ಯವನ್ನು ಹುಡುಕುವುದನ್ನು ಬಿಡಲಿಲ್ಲ. 1619ರ ಪುಸ್ತಕದಲ್ಲಿ ಗ್ರಹಗಳ ವೇಗದಲ್ಲಿ ಸಂಗೀತದ ಸ್ವರಗಳನ್ನು ಅರಸಿದ. ಅದೇ ಪುಸ್ತಕದಲ್ಲಿ ಮೂರನೆಯ ನಿಯಮವಿದೆ. ಮಕ್ಕಳು ಈಗಲೇ ಲೆಕ್ಕ ಹಾಕಿ ನೋಡಬಹುದು: ಸೂರ್ಯನಿಂದ ಗುರು ಗ್ರಹದ ದೂರ ಭೂಮಿಯ ದೂರದ 5.2ರಷ್ಟು, ಅದರ ಘನ ಸುಮಾರು 141. ಗುರುವಿನ ಒಂದು ಸುತ್ತಿಗೆ 11.86 ವರ್ಷ, ಅದರ ವರ್ಗವೂ ಸುಮಾರು 141.

ಐದು ಘನಾಕೃತಿಗಳ ಆ ಮೊದಲ ಚಿತ್ರವನ್ನು ಕೆಪ್ಲರ್ ಕೊನೆಯವರೆಗೂ ಬಿಡಲಿಲ್ಲ. ಆದರೆ 1781ರಲ್ಲಿ ಯುರೇನಸ್ ಕಾಣಿಸಿಕೊಂಡಾಗ ‘ಆರೇ ಗ್ರಹ’ ಎಂಬ ಲೆಕ್ಕ ಮುರಿದುಬಿತ್ತು. ಮೂರು ನಿಯಮಗಳು ಉಳಿದವು. ನ್ಯೂಟನ್ನನ ಗುರುತ್ವಾಕರ್ಷಣೆಗೆ ದಾರಿಯಾದವು. ಎರಡೂ ಒಂದೇ ಮನಸ್ಸಿನ, ಒಂದೇ ಹಂಬಲದ ಫಲ. ತಾಳೆಗೆ ನಿಂತದ್ದು ಉಳಿಯಿತು.

ಎಲ್ಲವೂ ಎಲ್ಲೋ ಒಂದಾಗಿರಬೇಕು ಎಂಬ ಹಂಬಲವನ್ನು ನಾನು ಈಗಲೂ ಬಿಟ್ಟಿಲ್ಲ; ಅದು ನಮ್ಮಜ್ಜನಿಂದ ಬಂದದ್ದು. ಆದರೆ ಅದನ್ನು ಉತ್ತರವೆಂದು ಪಾಠ ಮಾಡುವುದನ್ನು ಬಿಟ್ಟೆ. ಆ ವಿದ್ಯಾರ್ಥಿನಿ ಈ ಸಂಚಿಕೆಯನ್ನು ಓದುತ್ತಿದ್ದರೆ, ಅವಳಿಗೆ ಅಂದು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಹೇಳುತ್ತೇನೆ: “ನನಗೆ ಗೊತ್ತಿಲ್ಲಮ್ಮ. ಬಾ, ಲೆಕ್ಕ ಹಾಕಿ ನೋಡೋಣ.”