ಊರು ತಪ್ಪಿದ ಹೆಸರು

ಪ್ರಾಣಿಶಾಸ್ತ್ರದಲ್ಲಿ ಹೆಸರೆಂಬುದು ಕಲ್ಲಿನ ಶಾಸನವಿದ್ದಂತೆ. ಬರೆಸಿದವನು ಊರಿನ ಹೆಸರನ್ನೇ ತಪ್ಪಾಗಿ ಕೆತ್ತಿಸಿದರೂ ಅಕ್ಷರ ಅಳಿಯುವುದಿಲ್ಲ. ತಿದ್ದಿ ಓದುವ ಹೊಣೆ ಮುಂದಿನವರದು. ನಮ್ಮ ಕೆರೆಯಂಚಿನ ಕರಿತಲೆ ರಾಟವಾಳದ ಚರಿತ್ರೆ ಇಂಥದು.

ಚಿಕ್ಕಬಳ್ಳಾಪುರದ ಸೀಮೆಯಲ್ಲಿ, ಕಳವಾರದ ಆಸುಪಾಸಿನಲ್ಲಿ, ಮಳೆ ಹಿಂದೆಗೆದು ಹುಲ್ಲು ತೆನೆಗಟ್ಟುವ ಹೊತ್ತಿಗೆ ನಾನು ಈ ಹಕ್ಕಿಯನ್ನು ಹಿಂಡುಹಿಂಡಾಗಿ ಕಂಡಿದ್ದೇನೆ. ಗುಬ್ಬಚ್ಚಿಗಿಂತ ಚಿಕ್ಕ ಗಾತ್ರ. ತಲೆ, ಕೊರಳು ಕಪ್ಪು, ಬೆನ್ನು ಕೆಂಗಂದು, ಎದೆ, ಪಕ್ಕೆ ಬಿಳುಪು, ಹೊಟ್ಟೆಯ ನಡುವೆ ಕರಿಯ ಪಟ್ಟೆ. ಮೂರು ಬಣ್ಣಗಳೂ ಸ್ಪಷ್ಟವಾಗಿ ಬೇರೆಬೇರೆ. ದಪ್ಪನಾದ ಮೋಟು ಕೊಕ್ಕು ಕಾಳಿನ ಹೊಟ್ಟನ್ನು ಬಿಡಿಸಲೆಂದೇ ರೂಪುಗೊಂಡಂತಿದೆ.

೧೭೪೩ರಲ್ಲಿ ಇಂಗ್ಲೆಂಡಿನ ಜಾರ್ಜ್ ಎಡ್ವರ್ಡ್ಸ್ ಇದರ ಚಿತ್ರ ಬರೆದು 'ಚೀನಾದ ಗುಬ್ಬಿ' ಎಂದು ಕರೆದನು. ೧೭೬೬ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತು, ನೆಲೆ ಚೀನಾ, ಜಾವಾ, ಮಲಕ್ಕಾ ಎಂದು ಬರೆದನು. 'ಮಲಕ್ಕ' ಎಂಬುದೇ ಹೆಸರಾಯಿತು. ಪಂಜರದ ಹಕ್ಕಿ ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಸಾಗುತ್ತಿದ್ದ ಕಾಲವದು. ಕೆಂಪು ರಾಟವಾಳದ 'ಅಮಂಡವ' ಎಂಬ ಹೆಸರೂ ವ್ಯಾಪಾರದ ಊರಾದ ಅಹಮದಾಬಾದಿನಿಂದ ಬಂದುದೇ. ಮುಂದೆ ವಿದ್ವಾಂಸರು ಲಿನೇಯಸನ ಹೇಳಿಕೆಯನ್ನು ಪರಿಶೀಲಿಸಿ, ಈ ಹಕ್ಕಿಯ ಮೂಲಸ್ಥಾನವನ್ನು ನಮ್ಮ ಬೆಳಗಾವಿ ಎಂದು ತಿದ್ದಿದರು. ನೆಲೆ ತಿದ್ದಿತು, ಹೆಸರು ತಿದ್ದಲಿಲ್ಲ. ಅರ್ಥ ತಪ್ಪೆಂಬ ಕಾರಣಕ್ಕೆ ಮೊದಲ ಹೆಸರನ್ನು ತೆಗೆದುಹಾಕಲು ನಾಮಕರಣದ ನಿಯಮ ಒಪ್ಪದು. ಹಕ್ಕಿ ಇಂದಿಗೂ 'ಲೊಂಚೂರ ಮಲಕ್ಕ'. ಇದರಲ್ಲಿ 'ಲೊಂಚೂರ' ಎಂಬ ಕುಲನಾಮವನ್ನು ೧೮೩೨ರಲ್ಲಿ ಇತ್ತವನು ದಖ್ಖನಿನ ಹಕ್ಕಿಗಳನ್ನು ಅಭ್ಯಸಿಸಿದ ಸೈನ್ಯಾಧಿಕಾರಿ ಸೈಕ್ಸ್. ಈಟಿಯಂಥ ಬಾಲದ್ದು ಎಂದು ಅದರ ಅರ್ಥ.

ಬಹುಕಾಲ ಇದನ್ನೂ, ಬಿಳುಪಿಲ್ಲದ ಕಂದು ಮೈಯ ಮತ್ತೊಂದು ರಾಟವಾಳವನ್ನೂ ಒಂದೇ ಜಾತಿಯೆಂದು ಎಣಿಸಿದ್ದರು. ಆ ಎಣಿಕೆಯಲ್ಲಿ ಅದರ ರಾಜ್ಯ ನಮ್ಮ ನಾಡಿನಿಂದ ಫಿಲಿಪೀನ್ಸಿನವರೆಗೂ ಹಬ್ಬಿತ್ತು. ಈಗ ಅವು ಎರಡು ಜಾತಿಗಳು. ಮಲಯ ಸೀಮೆಯಲ್ಲಿರುವುದು ಎರಡನೆಯದು. 'ಮಲಕ್ಕ' ಎಂಬ ಹೆಸರು ಹೊತ್ತ ನಮ್ಮ ಹಕ್ಕಿಯ ಸಹಜ ನೆಲೆ ಭಾರತದ ದಕ್ಷಿಣ ಹಾಗೂ ಮಧ್ಯಭಾಗ ಮತ್ತು ಶ್ರೀಲಂಕಾ.

ಕೊಕ್ಕನ್ನು ನೋಡಿ ವಂಶ ಹೇಳುವುದೂ ಅಪಾಯವೇ. ದಕ್ಷಿಣ ಅಮೆರಿಕದ ಹುಲ್ಲುಗಾವಲುಗಳಲ್ಲಿ 'ಸ್ಪೊರೊಫಿಲ' ಎಂಬ ಕಾಳುತಿನ್ನುವ ಪುಟ್ಟ ಹಕ್ಕಿಗಳಿವೆ. ದೇಹದ ಅಳತೆ, ಕೊಕ್ಕಿನ ಮಾಟ ರಾಟವಾಳದ್ದೇ. ಹಿಂದಿನವರು ಕೊಕ್ಕನ್ನು ನಂಬಿ ಅವನ್ನು ಬಂಟಿಂಗ್ ಹಕ್ಕಿಗಳ ಕುಟುಂಬದಲ್ಲಿರಿಸಿದ್ದರು, ಡಿ.ಎನ್.ಎ. ಪರೀಕ್ಷೆ ಅವನ್ನು ಡಾರ್ವಿನ್ನನ ಫಿಂಚುಗಳೊಡನೆ ಟ್ಯಾನೇಜರ್ ಕುಟುಂಬಕ್ಕೆ ಸೇರಿಸಿತು. ರಾಟವಾಳದ ಕುಟುಂಬವೇ ಬೇರೆ. ಒಂದೇ ಬಗೆಯ ಆಹಾರ ಎರಡು ಖಂಡಗಳಲ್ಲಿ ಒಂದೇ ಬಗೆಯ ಕೊಕ್ಕನ್ನು ಕಡೆದಿದೆ, ಅಷ್ಟೇ. ವಿಚಿತ್ರವೆಂದರೆ, ಮನುಷ್ಯನ ಕೈಯಿಂದ ಕಡಲು ದಾಟಿದ ಕರಿತಲೆ ರಾಟವಾಳ ಈಗ ವೆನಿಜುವೆಲಾದಲ್ಲಿಯೂ ಕೆರಿಬಿಯನ್ ದ್ವೀಪಗಳಲ್ಲಿಯೂ ನೆಲೆಸಿದೆ.

ಇದೆಲ್ಲ ಪಂಡಿತರ ಪಟ್ಟಿಯ ವ್ಯವಹಾರ, ನಮಗೇನು ಎಂದು ಕೇಳಬಹುದು. ಫಿಲಿಪೀನ್ಸಿನವರೆಗೆ ಹರಡಿದ ಹಕ್ಕಿಯೆಂದು ತಿಳಿದಿದ್ದಾಗ, ಇಲ್ಲಿ ಅಳಿದರೇನು, ಅಲ್ಲಿ ಉಳಿದೀತು ಎಂಬ ಸಮಾಧಾನವಿತ್ತು. ಆ ಸಮಾಧಾನವನ್ನು ಹೊಸ ವರ್ಗೀಕರಣ ಕಿತ್ತುಕೊಂಡಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಆಮೇಲಿನ ತಿದ್ದುಪಡಿಗಳೂ ಹಕ್ಕಿಯನ್ನು ಬಲೆಯಿಂದ ಕಾಯಬಲ್ಲವು; ಜೊಂಡನ್ನು ಕಿತ್ತು ಸವರಿದ ಕೆರೆಯಲ್ಲಿ ಅದಕ್ಕೆ ಗೂಡು ಕಟ್ಟಿಕೊಡಲಾರವು. ಈ ಹಕ್ಕಿ ಗೂಡು ಕಟ್ಟುವುದು ಎತ್ತರದ ಹುಲ್ಲು, ಜೊಂಡುಗಳ ನಡುವೆಯೇ. ನಂದಿಯ ತಪ್ಪಲಿನ ಕೆರೆಗಳ ಅಂಚಿನಲ್ಲಿ ಒಂದಿಷ್ಟು ಹುಲ್ಲು ಉಳಿದಲ್ಲಿ, ಪುಸ್ತಕದಲ್ಲಿ ಪರದೇಶಿಯಾದ ಈ ಜೀವಿ ತನ್ನ ನಿಜವಾದ ಮನೆಯಲ್ಲಿಯೇ ಇದ್ದೀತು.